ಕ್ಷಯ ಹೋದ ಮೇಲೂ ಏರು ಹತ್ತಲಾಗದವರು

ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕೂಲಿಗಾರರ ಸಾಲುಮನೆಯಲ್ಲಿ, ಇರುವ ಕಾರ್ಮಿಕರೊಬ್ಬರು. ವಯಸ್ಸು ನಲವತ್ತು ದಾಟಿದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ಶ್ವಾಸಕೋಶದ ಕ್ಷಯಕ್ಕೆ 6 ತಿಂಗಳ ಮಾತ್ರೆ ತಪ್ಪದೆ ನುಂಗಿದ್ದರು, ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಇರಲಿಲ್ಲ. ಕುಯ್ಲು ಶುರುವಾದಾಗ ಚೀಲ ಹೊತ್ತು ಏರು ಹತ್ತಲಾಗದೆ, ಕಾಯಿಲೆ ಮರಳಿದೆ, ಮತ್ತೆ ಮಾತ್ರೆ ಕೊಡಿಸಿ ಎಂದು ನನ್ನ ಬಳಿ ಬಂದರು. ಪ್ರತಿ ಕುಯ್ಲಿನಲ್ಲೂ ಇದೇ ಬೇಡಿಕೆ ಹೊತ್ತು ಯಾರಾದರೂ ಬರುತ್ತಾರೆ.

ಎದೆಯ ವೈದ್ಯರು ಕಫವನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಕಳಿಸಿದರು, ಏನೂ ಬೆಳೆಯಲಿಲ್ಲ. ಹಳೇ ಕ್ಷಯದವರಲ್ಲಿ ಕಲ್ಚರ್ ಮುಖ್ಯ, ಏಕೆಂದರೆ ಕಫದಲ್ಲಿ ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನ್ಯಾಟ್ ಯಂತ್ರ ಸತ್ತ ರೋಗಾಣುವಿನ ಅಂಶವನ್ನೂ ಹಿಡಿಯಬಹುದು. ಎಕ್ಸ್‌ರೇಯಲ್ಲಿನ ಕಲೆಯೂ ವರ್ಷಗಟ್ಟಲೆ ಉಳಿಯುತ್ತದೆ. ಊದಿಸಿ ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿಯಲ್ಲಿ ಮಾತ್ರ ನಿಜ ಕಾಣಿಸಿತು: ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಇರಬೇಕಾದದ್ದರ ಶೇ. 52, ಒಟ್ಟು ಊದಿದ್ದು ಶೇ. 64, ಇವೆರಡರ ಅನುಪಾತ 0.65. ಅಂದರೆ ಗಾಳಿ ಹೊರಬರಲು ಕೊಳವೆಗಳಲ್ಲಿ ಅಡ್ಡಿಯಿದೆ, ಶ್ವಾಸಕೋಶ ಕುಗ್ಗಿರುವ ಸೂಚನೆಯೂ ಇದೆ.

ಎರಡನೇ ಭೇಟಿಗೆ, ಅವರ ಒಪ್ಪಿಗೆ ಪಡೆದು, ಹೆಂಡತಿಯನ್ನೂ ಕರೆಸಿದೆ. "ಗುಣವಾಗಿದೆ ಅಂತ ಆಸ್ಪತ್ರೆಯವ್ರೇ ಹೇಳಿದ್ದಾರೆ ಮೇಡಂ. ಇವ್ರು ನೋಡಿದ್ರೆ ಹತ್ತು ಗಂಟೆಗೇ ಗಿಡದ ಬುಡದಲ್ಲಿ ಕೂತ್ಬಿಡ್ತಾರೆ. ರೈಟರ್ ನಂಗೆ ಬೈತಾರೆ," ಎಂದರು ಆಕೆ. ರೈಟರ್ ಎಂದರೆ ತೋಟದ ಕೆಲಸದ ಲೆಕ್ಕ, ಉಸ್ತುವಾರಿ ನೋಡುವವರು. ಗಂಡ ತಲೆ ಎತ್ತದೆ ಹೇಳಿದರು: "ಕಾಯ್ಲೆ ಇದ್ದಾಗ ಎಲ್ರೂ ಕೂತ್ಕೋ ಅಂದ್ರು. ಈಗ ಕೂತ್ರೆ ಸೋಮಾರಿ ಅಂತಾರೆ. ಕಾಯ್ಲೆ ಇದ್ದಿದ್ರೇ ಎಷ್ಟೋ ವಾಸಿಯಿತ್ತು."

ಮಾತ್ರೆ ಏಕೆ ಕೇಳುತ್ತಿದ್ದರೆಂದು ಆಗ ತಿಳಿಯಿತು. ತನ್ನ ಏದುಸಿರನ್ನು ಮನೆಯವರು ನಂಬಲು ಅವರಿಗೊಂದು ಕಾಯಿಲೆ ಬೇಕಿತ್ತು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಇಬ್ಬರಿಗೂ ತೋರಿಸಿದೆ: ರೋಗಾಣು ಕೊರೆದ ಮೇಲ್ಭಾಗ ಗಾಯ ಮಾಗಿ ಗಟ್ಟಿಯಾಗಿದೆ, ಆ ಕಲೆಯ ಎಳೆತಕ್ಕೆ ಸಿಕ್ಕ ಗಾಳಿಕೊಳವೆಗಳು ಅಗಲವಾಗಿ ಕಫ ನಿಲ್ಲುತ್ತಿದೆ, ಈ ಕಲೆ ಹೋಗುವುದಿಲ್ಲ, ಯಾರಿಗೂ ಅಂಟುವುದೂ ಇಲ್ಲ. ಆಕೆ ಎರಡು ಸಲ ಕೇಳಿದ್ದು ಕೊನೆಯ ಮಾತನ್ನು.

ಹೀಗೆ ಬಿಚ್ಚಿ ಹೇಳಿದರೆ ರೋಗಿ ಕುಸಿಯುತ್ತಾನೆ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರಣ ತಿಳಿಯದವರು ಖಾಸಗಿಯಾಗಿ ಮಾತ್ರೆ ಕೊಂಡು ಅರ್ಧಂಬರ್ಧ ನುಂಗುತ್ತಾರೆ. ಯಕೃತ್ತಿಗೆ, ಕಣ್ಣಿಗೆ ಅಪಾಯ. ನಿಜಕ್ಕೂ ಕ್ಷಯ ಮರಳಿದ್ದರಂತೂ ಅದು ಔಷಧಿಗೆ ಬಗ್ಗದಂತಾಗಬಹುದು. ಮಾತ್ರೆ ಮುಗಿದ ದಿನವೇ ಎರಡೂ ಮಾತು ಹೇಳಬೇಕು: ರೋಗಾಣು ಹೋಗಿದೆ, ಗಾಯದ ಕಲೆ ಉಳಿದಿದೆ.

ಕೊಟ್ಟ ಸಲಹೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಏರು ಹತ್ತುವ ಕ್ರಮ. ನಿಂತು ಮೂಗಿನಿಂದ ಎರಡೆಣಿಸುವಷ್ಟು ಉಸಿರೆಳೆಯಬೇಕು. ತುಟಿ ಕಿರಿದು ಮಾಡಿ ನಾಲ್ಕೆಣಿಸುವಷ್ಟು ಬಿಡುತ್ತಾ ಎರಡು ಹೆಜ್ಜೆ ಇಡಬೇಕು. ಚೀಲ ಎತ್ತುವುದೂ ಉಸಿರು ಬಿಡುವಾಗಲೇ. ಹೆಚ್ಚಿನವರು ಉಸಿರು ಬಿಗಿಹಿಡಿದು ಎತ್ತುತ್ತಾರೆ, ಕಣ್ಣು ಕತ್ತಲಿಡುವುದು ಅದರಿಂದಲೇ. ಏದುಸಿರು ಬಂದರೆ ಮಲಗದೆ, ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈಯೂರಿ ನಿಲ್ಲುವುದು. ಬೆಳಗ್ಗೆ ಕಫ ತೆಗೆಯಲು ಮಧ್ಯಮ ಉಸಿರೆಳೆದು, ಕನ್ನಡಿಗೆ ಆವಿ ಹಿಡಿಸುವಂತೆ ಬಾಯಿ ತೆರೆದು "ಹಾ" ಎಂದು ಎರಡು ಮೂರು ಸಲ ಊದಿ, ಆಮೇಲೆ ಕೆಮ್ಮುವುದು. ದಿನಕ್ಕೆರಡು ಸಲ ಸಮತಟ್ಟಿನಲ್ಲಿ 10 ನಿಮಿಷ ನಡಿಗೆ, ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸುತ್ತಾ 30ಕ್ಕೆ; ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಸುಮ್ಮನೆ ಕೂತರೆ ಕಾಲಿನ ಸ್ನಾಯು ಸೊರಗಿ ಏದುಸಿರು ಇನ್ನೂ ಹೆಚ್ಚುತ್ತದೆ.

ಬೀಡಿ ಪೂರ್ತಿ ಬಿಡಬೇಕು. ಮಳೆಗಾಲದಲ್ಲಿ ಹಸಿ ಸೌದೆ ಉರಿಸಿ, ಒಲೆಯ ಮೇಲೇ ಬಟ್ಟೆ ಒಣಗಿಸಿ, ಪಕ್ಕದಲ್ಲೇ ಮಲಗುವ ರೂಢಿಯೂ ಅಷ್ಟೇ ಕೆಟ್ಟದ್ದು. ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲು ಹೇಳಿದೆ.

ರೈಟರ್‌ಗೆ ವೈದ್ಯರಿಂದ ಪತ್ರ ಕೊಡಿಸಿದೆವು. ಅದರಲ್ಲಿ ಕ್ಷಯದ ಹೆಸರಿಲ್ಲ. ಉಸಿರಿನ ಶಕ್ತಿ ಕಡಿಮೆ, ಏರಿನಲ್ಲಿ ಹೊರೆ ಮತ್ತು ಮೆಣಸು ಕುಯ್ಯುವ ಏಣಿ ಕೆಲಸ ಬೇಡ, ದೂಳೆಬ್ಬಿಸುವ ಕಣದ ಕೆಲಸವೂ ಬೇಡ ಎಂದಷ್ಟೇ ಇತ್ತು. ಈಗ ತಗ್ಗಿನ ಸಾಲಿನಲ್ಲಿ ಕುಯ್ಯುತ್ತಾರೆ, ಚೀಲವನ್ನು ಬೇರೆಯವರು ಸಾಗಿಸುತ್ತಾರೆ. ತೂಕದ ಲೆಕ್ಕದಲ್ಲಿ ಕೂಲಿ ಕಡಿಮೆಯಾಗಿದೆ. ಅದಕ್ಕೆ ಪರಿಹಾರ ಇನ್ನೂ ಸಿಕ್ಕಿಲ್ಲ.

ಮಾತ್ರೆ ಮುಗಿದ ಮೇಲೆ 2 ವರ್ಷ, 6 ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕು. ಸಂಜೆ ಜ್ವರ, ತೂಕ ಇಳಿಕೆ, ಎರಡು ವಾರ ಹೆಚ್ಚಿದ ಕೆಮ್ಮು ಇದ್ದರೆ ಅದನ್ನು ಹಳೇ ಕಲೆಯ ಲೆಕ್ಕಕ್ಕೆ ಹಾಕದೆ ಕಫ ಪರೀಕ್ಷೆ ಮಾಡಿಸಬೇಕು. ಕಫದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ.