ಬೇಕರ್ಸ್‌ಫೀಲ್ಡ್‌ಗೆ ಬರುವ ಚಿಂತಾಮಣಿ ಹುಡುಗನಿಗೆ

ಚಿಂತಾಮಣಿಯವನು ಅಂತ ಓದಿದ ಕೂಡಲೇ ಉತ್ತರ ಬರೆಯಲು ಕೂತೆ. ನನ್ನದು ಬೇತಮಂಗಲ. ನಮ್ಮ ಕಡೆಯ ಹುಡುಗ ಅಂತ ಸಲಿಗೆಯಿಂದ ‘ನೀನು’ ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡ. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ, ಬಾದಾಮಿ ತೋಟದ ಕಂಪನಿಯೊಂದರಲ್ಲಿ ನೀರಾವರಿ ಕೆಲಸ ಸಿಕ್ಕಿದೆ, ಬೇಕರ್ಸ್‌ಫೀಲ್ಡ್ ಹೇಗಿದೆ, ಸಂಬಳ ಸಾಲುತ್ತದಾ, ಬಂದ ವರ್ಷವೇ ಮನೆ ಕೊಳ್ಳಬಹುದಾ ಅಂತ ಕೇಳಿದ್ದೀಯ.

ಸಂಬಳ ಸಾಲುತ್ತದೆ. ಬಾಡಿಗೆ ಲಾಸ್ ಏಂಜಲೀಸ್‌ಗಿಂತ ಕಡಿಮೆ. ಪಂಜಾಬಿಗಳು ಜಾಸ್ತಿ ಇದ್ದಾರೆ, ಬೇಳೆ, ಹುಣಸೆಹಣ್ಣಿಗೆ ತೊಂದರೆಯಿಲ್ಲ. ಕಾರು ಬೇಕೇ ಬೇಕು. ನಮ್ಮ ಕೋಲಾರದಂಥ ಐದು ಜಿಲ್ಲೆ ಹಿಡಿಸುವಷ್ಟು ದೊಡ್ಡ ಕೌಂಟಿ ಇದು.

ಧೂಳನ್ನು ಮಾತ್ರ ಹಗುರವಾಗಿ ತಗೋಬೇಡ. ಆಗಸ್ಟ್ ಬಂತೆಂದರೆ ಬಾದಾಮಿ ಮರದ ಬುಡವನ್ನು ಯಂತ್ರ ಹಿಡಿದು ಅಲ್ಲಾಡಿಸುತ್ತದೆ. ಕಾಯಿ ನೆಲಕ್ಕೆ ಬೀಳುತ್ತದೆ, ಒಣಗಿದ ಮೇಲೆ ಗುಡಿಸಿ ತುಂಬುತ್ತಾರೆ. ಆ ಒಂದೆರಡು ತಿಂಗಳು ಆಕಾಶವೇ ಕಂದು. ಇಲ್ಲಿನ ಮಣ್ಣಿನಲ್ಲಿ ಒಂದು ಬೂಷ್ಟು ಇದೆ, ಅದು ಶ್ವಾಸಕೋಶಕ್ಕೆ ಹೋದರೆ ವ್ಯಾಲಿ ಫೀವರ್ ಬರುತ್ತದೆ. ಕೆಮ್ಮು, ಸುಸ್ತು ಎರಡು ವಾರ ಬಿಡದಿದ್ದರೆ ಡಾಕ್ಟರಿಗೆ ಆ ಹೆಸರು ಹೇಳಿಯೇ ರಕ್ತ ಪರೀಕ್ಷೆ ಮಾಡಿಸು.

ಇನ್ನು ಮನೆ. ಇದಕ್ಕೆ ನನ್ನ ಕಥೆಯನ್ನೇ ಹೇಳಬೇಕು.

ಅಪ್ಪ ಕೆಜಿಎಫ್ ಗಣಿಯಲ್ಲಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಸೈರನ್ ನಿಂತರೂ ಅಪ್ಪ ಪಾಳಿಯ ಹೊತ್ತಿಗೇ ಎದ್ದು ಜಗುಲಿ ಮೇಲೆ ಕೂರುತ್ತಿದ್ದರು. ಅದಾಗಿ ಮೂರು ವರ್ಷಕ್ಕೆ ನಾನು ಇಲ್ಲಿಗೆ ಬಂದೆ. ಎಣ್ಣೆ ಬಾವಿಗಳ ಕೆಲಸ. ಇಲ್ಲಿನ ಕಚ್ಚಾ ಎಣ್ಣೆ ಕಾಕಂಬಿಯಂತೆ ಗಟ್ಟಿ. ನೆಲದೊಳಗೆ ಆವಿ ನುಗ್ಗಿಸಿ, ತೆಳ್ಳಗೆ ಮಾಡಿ ಎತ್ತುತ್ತಾರೆ. ಆ ಆವಿಯ ಪೈಪುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

2013ರ ಡಿಸೆಂಬರಿನಲ್ಲಿ ಮನೆ ಕೊಂಡೆ. ಗೃಹಪ್ರವೇಶಕ್ಕೆ ಅಪ್ಪನನ್ನು ಕರೆಸಿದೆ. ಮಂಜು ಬಿಟ್ಟ ಒಂದು ಮಧ್ಯಾಹ್ನ ಪನೋರಮಾ ಡ್ರೈವ್‌ನ ದಿಬ್ಬದ ಮೇಲೆ ನಿಲ್ಲಿಸಿ ಕೆಳಗಿನ ಕರ್ನ್ ರಿವರ್ ಎಣ್ಣೆ ಬಯಲು ತೋರಿಸಿದೆ. ಕಣ್ಣು ಹಾಯುವವರೆಗೂ ಪಂಪುಗಳು ತಲೆ ಆಡಿಸುತ್ತಿದ್ದವು. “ಏತ ಹೊಡೆದಂಗೈತೆ ಅಲ್ವಾ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಇದರಾಗೆ ಇನ್ನೆಷ್ಟು ವರ್ಷದ್ದೈತೆ?” ಅಂತ ಕೇಳಿದರು.

ನಾನು ನಕ್ಕೆ. 1899ರಲ್ಲಿ ಕೈಯಲ್ಲಿ ಬಾವಿ ತೋಡಿ ಕಂಡ ಎಣ್ಣೆ, ಇವತ್ತಿಗೂ ಬರ್ತಾನೇ ಇದೆ ಅಂತ ಜಂಬದಿಂದ ಹೇಳಿದೆ. “ನಮ್ದೂ ನೂರಿಪ್ಪತ್ತು ವರ್ಷ ನಡೀತು” ಅಂದರು ಅಪ್ಪ.

ಎಣ್ಣೆ ಬತ್ತಲಿಲ್ಲ, ಬೆಲೆ ಬಿತ್ತು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೇಲಿದ್ದದ್ದು ಮುಂದಿನ ಜನವರಿಗೆ 50ಕ್ಕಿಂತ ಕೆಳಗೆ. ನೆಲದಡಿಯ ಎಣ್ಣೆಗೂ ಇಲ್ಲಿ ಆಸ್ತಿ ತೆರಿಗೆ ಇದೆ, ಹಾಗಾಗಿ ಬೆಲೆ ಬಿದ್ದರೆ ಕೌಂಟಿಯ ಖಜಾನೆಗೂ ಏಟು. ಆ ತಿಂಗಳೇ ಕೌಂಟಿ ಹಣಕಾಸಿನ ತುರ್ತುಸ್ಥಿತಿ ಘೋಷಿಸಿತು. ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಆಗಿತ್ತು, ಕೆಲಸ ಹೋದರೂ ದೇಶ ಬಿಡಬೇಕಾಗಲಿಲ್ಲ, ಬಚಾವಾದೆ. ನಿನಗೆ ಅದಿರುವುದಿಲ್ಲ, ನೆನಪಿಟ್ಟುಕೋ. ಮನೆ ಮಾರೋಣ ಅಂದರೆ ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆ ಮಾರಾಟಕ್ಕಿದ್ದವು.

ಏಳು ತಿಂಗಳು, ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪನಿಗೆ “ಕೆಲಸ ಚೆನ್ನಾಗಿದೆ” ಅಂದೆ. ಮರುವರ್ಷ ಅವರು ಹೋಗಿಬಿಟ್ಟರು. ಕೆಲಸ ಕಳೆದುಕೊಂಡ ಬೆಳಗ್ಗೆ ಎದ್ದು ಏನು ಮಾಡಬೇಕು ಅಂತ ಕೇಳಬಹುದಾಗಿದ್ದ ಮನುಷ್ಯ ಅವರೊಬ್ಬರೇ. ಅವರಿಗೇ ಸುಳ್ಳು ಹೇಳಿದೆ.

ಈಗ ನನ್ನ ಕೆಲಸ ಕೌಂಟಿಯ ಪೂರ್ವದ ಮೂಲೆಯ ಬೋರಾನ್‌ನಲ್ಲಿ, ಬಿಳಿಗಾರದ ಗಣಿಗೆ ಪಂಪು ರಿಪೇರಿ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಹಾಕುತ್ತಾರಲ್ಲ, ಅದೇ ಬಿಳಿಗಾರ. ಕೊನೆಗೂ ಗಣಿಗೇ ಬಂದೆ, ನೋಡು.

ನಿನ್ನದು ತೋಟ, ಎಣ್ಣೆಯಲ್ಲ ಅನ್ನಬಹುದು. ಆದರೆ ಅಪ್ಪ ಕೇಳಿದ್ದನ್ನು ನೀನು ನೀರಿಗೆ ಕೇಳು. ಆ ತೋಟಕ್ಕೆ ಕಾಲುವೆ ನೀರೋ, ಬೋರ್ ನೀರೋ? 2014ರಲ್ಲಿ ಇಲ್ಲಿ ಅಂತರ್ಜಲದ ಕಾನೂನು ಬಂತು. ಇಂಗುವುದಕ್ಕಿಂತ ಜಾಸ್ತಿ ಎತ್ತುವುದನ್ನು 2040ರ ಹೊತ್ತಿಗೆ ನಿಲ್ಲಿಸಬೇಕು. ಅಂದರೆ ಎಷ್ಟೋ ಜಮೀನು ಬೀಳು ಬೀಳುತ್ತದೆ. ಬಾದಾಮಿ ಮರವೋ, ಇಪ್ಪತ್ತೈದು ವರ್ಷ ನೀರು ಕೇಳುತ್ತದೆ. ಬೋರ್ ಬತ್ತಿದರೆ ಏನಾಗುತ್ತದೆ ಅಂತ ಚಿಂತಾಮಣಿಯವನಿಗೆ ನಾನು ಹೇಳಬೇಕಾ?

ಎರಡು ವರ್ಷ ಬಾಡಿಗೆಗಿರು. ಬರುವಾಗ ರಾಗಿ ಹಿಟ್ಟು ತಾ, ಇಲ್ಲಿನದರಲ್ಲಿ ಮುದ್ದೆ ಕೂಡುವುದಿಲ್ಲ. ಎರಡು ಕೆಜಿ ಸಾಕು, ಒಂದು ನನಗೆ.