ಸಿಂಗಲ್ ಡೋರ್ ಫ್ರಿಜ್‌ಗೆ ಕಂಪ್ರೆಸರ್ ಕಾಯುವ ಕಂಟ್ರೋಲರ್

ನಿಮ್ಮ ಪ್ರಶ್ನೆ ಇದು: ತೀರ್ಥಹಳ್ಳಿ ಹತ್ತಿರದ ಮನೆ, ಹಳೆಯ 190 ಲೀಟರ್ ಸಿಂಗಲ್ ಡೋರ್ ಫ್ರಿಜ್, ಕಂಪ್ರೆಸರ್ ನಿಲ್ಲುವುದೇ ಇಲ್ಲ, ತರಕಾರಿ ಟ್ರೇನಲ್ಲಿಟ್ಟ ಸೊಪ್ಪೂ ಹೆಪ್ಪುಗಟ್ಟುತ್ತಿದೆ. ಆರ್ಡುಯಿನೊ ನ್ಯಾನೊ (ನಾವೇ ಕೋಡ್ ಬರೆದು ಓಡಿಸುವ ಪುಟ್ಟ ಬೋರ್ಡು) ಹಾಕಿ ನಾವೇ ಕಂಟ್ರೋಲರ್ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು. ತಂಪು ಅಳೆಯುವುದು ಇದರಲ್ಲಿ ಸುಲಭದ ಭಾಗ. ಲೈನಿನ ಮೇಲೆ ಕೊಂಬೆ ಬಿದ್ದು ಗಳಿಗೆಗೊಮ್ಮೆ ಹೋಗಿ ಬರುವ ನಮ್ಮ ಮಳೆಗಾಲದ ಕರೆಂಟಿನಿಂದ ಕಂಪ್ರೆಸರನ್ನು ಉಳಿಸುವುದು ಕಷ್ಟದ ಭಾಗ. ಹೆಚ್ಚಿನವರು ಅಲ್ಲೇ ಎಡವುತ್ತಾರೆ.

ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ಒಂದು ಪರೀಕ್ಷೆ. ಪ್ಲಗ್ ಕಿತ್ತು, ಒಳಗಿನ ಥರ್ಮೋಸ್ಟಾಟ್ ಡಬ್ಬಿ ಬಿಚ್ಚಿ. ಅದರಿಂದ ಹೊರಟ ತೆಳ್ಳನೆಯ ತಾಮ್ರದ ಬಾಲ ಫ್ರೀಜರ್ ತಗಡಿಗೆ ಕ್ಲಿಪ್ಪಿನಲ್ಲಿ ಬಿಗಿಯಾಗಿ ಅಂಟಿಕೊಂಡಿದೆಯೇ ನೋಡಿ. ಕಳಚಿ ಜೋತಾಡುತ್ತಿದ್ದರೆ ತಗಡು ಎಷ್ಟು ತಣ್ಣಗಾದರೂ ಥರ್ಮೋಸ್ಟಾಟ್‌ಗೆ ಗೊತ್ತಾಗುವುದಿಲ್ಲ. ಮತ್ತೆ ಸಿಕ್ಕಿಸಿದರೆ ರಿಪೇರಿ ಮುಗಿಯಿತು. ಬಾಲ ಸರಿಯಿದ್ದು, ನಾಬ್ ಸೊನ್ನೆಗೆ ತಿರುಗಿಸಿದರೂ ಕಂಪ್ರೆಸರ್ ಓಡುತ್ತಲೇ ಇದ್ದರೆ ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿರುವುದೇ ಹೆಚ್ಚು. ಓಡುತ್ತಿದ್ದೂ ತಂಪೇ ಆಗದಿದ್ದರೆ ಅದು ಗ್ಯಾಸಿನದ್ದೋ ಬಾಗಿಲ ರಬ್ಬರಿನದ್ದೋ ತೊಂದರೆ. ಅಲ್ಲಿ ಯಾವ ಕಂಟ್ರೋಲರೂ ಉಪಯೋಗವಿಲ್ಲ. ಫ್ರಾಸ್ಟ್ ಫ್ರೀ ಮತ್ತು ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್‌ಗಳಿಗೂ ಈ ಉತ್ತರ ಹೊಂದುವುದಿಲ್ಲ.

ಹಿಂದಿನ ಲೇಬಲ್ ಓದಿ. ಆರ್600ಎ ಎಂದಿದ್ದರೆ ಅದು ಐಸೋಬ್ಯುಟೇನ್, ಬೆಂಕಿ ಹಿಡಿಯುವ ಅನಿಲ, ಗಾಳಿಗಿಂತ ಭಾರ. ಸೋರಿದರೆ ಕೆಳಗೆ ನಿಲ್ಲುತ್ತದೆ. ಕಿಡಿ ಹಾರುವ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಫ್ರಿಜ್ ಒಳಗೂ ಇಡಬೇಡಿ, ಕಂಪ್ರೆಸರ್ ಪಕ್ಕದಲ್ಲೂ ಇಡಬೇಡಿ. ಫ್ರಿಜ್‌ಗಿಂತ ಎತ್ತರದಲ್ಲಿ ಗೋಡೆಗೆ ಹಾಕಿ. ಸೆನ್ಸರ್ ವೈರಿಗೆಂದು ಕ್ಯಾಬಿನೆಟ್ಟಿಗೆ ತೂತು ಕೊರೆಯುವ ಯೋಚನೆಯನ್ನೂ ಬಿಡಿ, ಗೋಡೆಯೊಳಗೆ ಗ್ಯಾಸ್ ಕೊಳವೆ ಇರಬಹುದು.

ಹೊಸಬರಿಗೆ ನಾನು ಹೇಳುವ ವಿಧಾನ ಹೀಗೆ. ಹಳೆಯ ಥರ್ಮೋಸ್ಟಾಟನ್ನು ಬದಿಗಿಡಲು, ಅದರಲ್ಲಿ ಕಂಪ್ರೆಸರ್‌ಗೆ ಹೋಗುವ ವೈರು, ಲೈನ್ ವೈರು ಎರಡನ್ನೂ ಮೀಟರಿನಿಂದ ಗುರುತಿಸಿ, ಕ್ರಿಂಪ್ ಮಾಡಿ ಒಂದಾಗಿಸಿ. ಬರೀ ತಿರುಚಿ ಟೇಪ್ ಸುತ್ತಬೇಡಿ. ಕಂಟ್ರೋಲರ್ ಡಬ್ಬಿಗೆ ಒಂದು ಸಾಕೆಟ್ ಕೂರಿಸಿ ಫ್ರಿಜ್ಜಿನ ಪ್ಲಗ್ಗನ್ನು ಅದಕ್ಕೆ ಹಾಕಿ. ಸ್ಟೆಬಿಲೈಸರ್ ಮೊದಲು, ಡಬ್ಬಿ ನಂತರ, ಆಮೇಲೆ ಫ್ರಿಜ್. ಅರ್ಥ್ ವೈರು ಎಲ್ಲೂ ತುಂಡಾಗಬಾರದು. ಕಂಪ್ರೆಸರ್ ನಿಂತಾಗ ಒಳಗಿನ ದೀಪವೂ ಆರುತ್ತದೆ, ಈ ವಿಧಾನದ ಕೊರತೆ ಅದೊಂದೇ.

ಬೇಕಾದ ಸಾಮಾನು: ನ್ಯಾನೊ, ಸ್ಟೀಲ್ ಕೊಳವೆಯ ಡಿಎಸ್18ಬಿ20 ಸೆನ್ಸರ್, 4.7 ಕಿಲೋ ಓಮ್ ರೆಸಿಸ್ಟರ್, 12 ವೋಲ್ಟ್ ಕಾಯಿಲಿನ 30 ಆಂಪಿಯರ್ ಟಿ90 ರಿಲೇ, 2ಎನ್2222 ಟ್ರಾನ್ಸಿಸ್ಟರ್, 1ಎನ್4007 ಡಯೋಡ್, ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್, 5 ಆಂಪಿಯರ್ ಸ್ಲೋ ಬ್ಲೋ ಫ್ಯೂಸ್. ಆನ್‌ಲೈನಿನಲ್ಲಿ ಎಲ್ಲರೂ ತೋರಿಸುವ ಪುಟ್ಟ ನೀಲಿ ರಿಲೇ ಬೇಡ. ಅದರ ಮೇಲೆ 10 ಆಂಪಿಯರ್ ಎಂದಿರುತ್ತದೆ, ನಿಮ್ಮ ಫ್ರಿಜ್ ಓಡುವಾಗ ಎಳೆಯುವುದು ಒಂದು ಆಂಪಿಯರ್ ಆಸುಪಾಸು, ಲೆಕ್ಕ ಸರಿಯೇ ಕಾಣುತ್ತದೆ. ಆದರೆ ಸ್ಟಾರ್ಟ್ ಆಗುವ ಆ ಅರೆಕ್ಷಣ ಅದರ ಹಲವು ಪಟ್ಟು ಎಳೆಯುತ್ತದೆ, ಕಾಂಟ್ಯಾಕ್ಟ್ ಕ್ರಮೇಣ ಬೆಸೆದುಕೊಳ್ಳುತ್ತದೆ. ಆಫ್ ಸಿಗ್ನಲ್ ಹೋಗಿದ್ದೂ ಕಂಪ್ರೆಸರ್ ಓಡುತ್ತಿದ್ದು, ರಿಲೇಯನ್ನು ಬೆರಳಿನಿಂದ ತಟ್ಟಿದರೆ ನಿಂತಿತು ಅಂದರೆ ಬೆಸೆದಿದೆ ಎಂದೇ ಅರ್ಥ. (ತಟ್ಟುವುದು ಡಬ್ಬಿಯ ಹೊರಗಿನಿಂದ.)

ಟಿ90 ಕಾಯಿಲ್ ಸುಮಾರು 80 ಮಿಲಿ ಆಂಪಿಯರ್ ಕೇಳುತ್ತದೆ, ಬಿಸಿ547 ಅದಕ್ಕೆ ಅಂಚಿನಲ್ಲಿ ನಿಲ್ಲುತ್ತದೆ, ಹಾಗಾಗಿ 2ಎನ್2222. ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ 1 ಕಿಲೋ ಓಮ್. ಅದೇ ಬೇಸ್ ಕಾಲಿನಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ನ್ಯಾನೊ ಎದ್ದೇಳುವ ಹೊತ್ತಿಗೆ ರಿಲೇ ತಾನೇ ಟಕಟಕ ಎನ್ನಬಹುದು. ಕಾಯಿಲಿಗೆ ಅಡ್ಡವಾಗಿ ಹಾಕುವ ಡಯೋಡಿನ ಬಿಳಿ ಪಟ್ಟಿ 12 ವೋಲ್ಟ್ ಕಡೆಗೆ. ಕಿಡಿ ತಗ್ಗಿಸಲು ರಿಲೇ ಕಾಂಟ್ಯಾಕ್ಟಿಗೆ ಅಡ್ಡವಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ. ಫ್ಯೂಸ್ ದಾಟಿದ ಮೇಲೆ ಲೈನ್-ನ್ಯೂಟ್ರಲ್ ನಡುವೆ 14ಡಿ471 ವೇರಿಸ್ಟರ್ (ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಬಿಡಿಭಾಗ). ಈ ಕೆಪಾಸಿಟರ್ ಮೂಲಕ ರಿಲೇ ಆಫ್ ಇದ್ದಾಗಲೂ 7 ಮಿಲಿ ಆಂಪಿಯರ್‌ನಷ್ಟು ಹರಿಯುತ್ತದೆ. ಫ್ರಿಜ್ಜಿನೊಳಗೆ ಎಲ್‌ಇಡಿ ದೀಪ ಹಾಕಿಸಿದ್ದರೆ ಅದು ಮಿಣಮಿಣ ಎನ್ನುವುದು ಇದರಿಂದಲೇ. ಫ್ರಿಜ್ ಮುಟ್ಟಿ ಕೆಲಸ ಮಾಡುವಾಗ ಪ್ಲಗ್ ಕೀಳಬೇಕಾದದ್ದೂ ಇದಕ್ಕೇ.

ಸೆನ್ಸರನ್ನು ಹಳೆಯ ಬಾಲ ಇದ್ದ ಕ್ಲಿಪ್ಪಿನಲ್ಲೇ, ಫ್ರೀಜರ್ ತಗಡಿಗೆ ಒತ್ತಿ ಕೂರಿಸಿ. ಕ್ಯಾಬಿನೆಟ್ ಗಾಳಿಯಲ್ಲಿ ತೂಗುಬಿಟ್ಟರೆ ಜುಲೈ ತಿಂಗಳ ಥಂಡಿಯಲ್ಲಿ ಒಳಗೆ ಬಿಸಿಯೇ ಏರದೆ ಕಂಪ್ರೆಸರ್ ಗಂಟೆಗಟ್ಟಲೆ ಮಲಗುತ್ತದೆ, ಮೇಲೆ ಐಸ್ ಕರಗುತ್ತದೆ. ಸೆನ್ಸರಿನ ದಪ್ಪ ವೈರು ಬಾಗಿಲ ರಬ್ಬರಿನ ಕೆಳಗೆ ಬಂದರೆ ಸಂದಿ ಬಿಟ್ಟು, ನಮ್ಮ ಒದ್ದೆ ಗಾಳಿ ಒಳನುಗ್ಗಿ, ವಾರದಲ್ಲಿ ಮಂಜುಗಡ್ಡೆ ಗುಡ್ಡೆಯಾಗುತ್ತದೆ. ಕೀಲಿನ ಕಡೆ ಬೆರಳುದ್ದದಷ್ಟು ಜಾಗದಲ್ಲಿ ಮಾತ್ರ ಮೂರೆಳೆಯ ಚಪ್ಪಟೆ ರಿಬ್ಬನ್ ವೈರು ಬೆಸೆಯಿರಿ. ಸ್ಟೀಲ್ ಕೊಳವೆಗೆ ವೈರು ಸೇರುವ ಬಾಯಿಗೆ ಅರಾಲ್ಡೈಟ್ ಹಚ್ಚಿ; ನೀರು ಹೊಕ್ಕು ಹೆಪ್ಪುಗಟ್ಟಿದರೆ ಸೆನ್ಸರ್ ಹೋಯಿತು. ಕೂರಿಸುವ ಮುಂಚೆ ಪುಡಿ ಐಸ್ ಮತ್ತು ನೀರು ಬೆರೆಸಿದ ಲೋಟದಲ್ಲಿ ಅದ್ದಿ, ಸೊನ್ನೆಯಿಂದ ಎಷ್ಟು ಆಚೀಚೆ ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಶುರುವಿಗೆ ತಗಡು ಮೈನಸ್ 18 ಡಿಗ್ರಿಗೆ ಬಂದಾಗ ಆಫ್, ಮೈನಸ್ 7ಕ್ಕೆ ಆನ್. ನಡು ಅಟ್ಟಣಿಗೆಯಲ್ಲಿ ಒಂದು ಲೋಟ ನೀರಿನೊಳಗೆ ಥರ್ಮಾಮೀಟರ್ ಇಟ್ಟು ಇಡೀ ದಿನ ಬಿಡಿ. 4 ಡಿಗ್ರಿ ಆಸುಪಾಸು ಇರಬೇಕು. 2ಕ್ಕೆ ಇಳಿದರೆ ಆಫ್ ಅಂಕಿಯನ್ನು ಮೈನಸ್ 15ಕ್ಕೆ ತನ್ನಿ. ಒಂದು ಬಟನ್ನೂ ಇರಲಿ: ಒತ್ತಿದರೆ ತಗಡು 5 ಡಿಗ್ರಿ ದಾಟುವವರೆಗೆ ಆಫ್. ಹಳೆಯ ಥರ್ಮೋಸ್ಟಾಟಿನ ಡಿಫ್ರಾಸ್ಟ್ ಗುಂಡಿಯ ಕೆಲಸ ಅದು.

ಇನ್ನು ಕಾಯುವ ವಿಷಯ. ಕಂಪ್ರೆಸರ್ ನಿಂತಾಗ ಒಂದು ಬದಿ ಒತ್ತಡ ಹೆಚ್ಚು, ಇನ್ನೊಂದು ಬದಿ ಕಡಿಮೆ. ಸಣ್ಣ ಕ್ಯಾಪಿಲರಿ ಕೊಳವೆಯಲ್ಲಿ ಗ್ಯಾಸ್ ನಿಧಾನಕ್ಕೆ ಹಾದು ಎರಡೂ ಸಮವಾಗಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ಕರೆಂಟ್ ಕೊಟ್ಟರೆ ಮೋಟರ್ ತಿರುಗಲಾರದೆ ಗುಂಯ್ ಎಂದು, ಓವರ್‌ಲೋಡ್ (ಮೋಟರ್ ಸುಡದಂತೆ ಕರೆಂಟ್ ಕಡಿಯುವ ಸ್ವಿಚ್ಚು) ಟಕ್ ಎಂದು ಬೀಳುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ವೈಂಡಿಂಗ್ ಉಳಿಯುವುದಿಲ್ಲ. ಆದ್ದರಿಂದ ಆಫ್ ಆದಮೇಲೆ 5 ನಿಮಿಷ, ಕರೆಂಟ್ ಹೋಗಿ ಬಂದಮೇಲೂ 5 ನಿಮಿಷ ಕಡ್ಡಾಯ ವಿರಾಮ. ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ನ್ಯಾನೊಗೆ ತಿಳಿಯದು, ಹಾಗಾಗಿ ಎದ್ದಾಗಲೆಲ್ಲ ಈಗಷ್ಟೇ ಆಫ್ ಆಯಿತು ಎಂದೇ ಅದು ತಿಳಿಯಲಿ.

ಇಲ್ಲೇ ಕೋಡಿನ ಒಂದು ಹೊಂಡ ಇದೆ. 5 ನಿಮಿಷವನ್ನು ಮಿಲಿಸೆಕೆಂಡಿನಲ್ಲಿ 5*60*1000 ಎಂದು ಬರೆದರೆ ನ್ಯಾನೊ ಅದನ್ನು 16 ಬಿಟ್ಟಿನಲ್ಲಿ ಗುಣಿಸುತ್ತದೆ; 32767 ದಾಟಿ ಉತ್ತರ ಮೈನಸ್ 27680 ಆಗುತ್ತದೆ. ಅದು ಅನ್‌ಸೈನ್ಡ್ ಲಾಂಗ್‌ಗೆ (ಮೈನಸ್ ಇಲ್ಲದ 32 ಬಿಟ್ಟಿನ ಸಂಖ್ಯೆಗೆ) ಹೋದಾಗ 49 ದಿನಕ್ಕೂ ಮೀರಿದ ವಿರಾಮ. ಫ್ರಿಜ್ ಸುಮ್ಮನೆ ನಿಂತಿರುತ್ತದೆ, ನೀವು ವೈರಿಂಗ್ ಹುಡುಕುತ್ತಿರುತ್ತೀರಿ. 300000ಯುಎಲ್ ಎಂದು ಬರೆಯಿರಿ, ಕೊನೆಯ ಎರಡಕ್ಷರ ಇಂಗ್ಲಿಷಿನವು.

ಸೆನ್ಸರ್ ವೈರು ತುಂಡಾದರೆ ಸೆನ್ಸರ್ ಓದುವ ಸಿದ್ಧ ಕೋಡು (ಲೈಬ್ರರಿ) ಮೈನಸ್ 127 ಕೊಡುತ್ತದೆ. ಅಳತೆ ಮುಗಿಯುವ ಮೊದಲೇ ಓದಿದರೆ 85. ಈ ಎರಡು ಅಂಕಿ ಕಂಡರೆ ನಂಬದೆ, 10 ನಿಮಿಷ ಆನ್, 20 ನಿಮಿಷ ಆಫ್ ಎಂದು ಓಡಿಸಿ. ಹಾಲು ಒಡೆಯದೆ ದಿನ ಕಳೆಯುತ್ತದೆ.

ಬೆಸುಗೆ ಹಾಕಿದ ಬದಿಗೆ ಪಾರದರ್ಶಕ ವಾರ್ನಿಷ್ ಬಳಿಯಿರಿ, ಇಲ್ಲಿನ ತೇವಕ್ಕೆ ತಾಮ್ರ ಬೇಗ ಹಸಿರಾಗುತ್ತದೆ. ವೈರುಗಳೆಲ್ಲ ಡಬ್ಬಿಯ ತಳದಿಂದ ಒಳಹೋಗಲಿ, ತೂತುಗಳನ್ನು ಮುಚ್ಚಿ. 230 ವೋಲ್ಟ್ ಟರ್ಮಿನಲ್‌ಗಳ ನಡುವೆ ಹಲ್ಲಿ ಸಿಕ್ಕಿಕೊಂಡರೆ ಶಾರ್ಟ್ ಆಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ವೇರಿಸ್ಟರ್ ಸಾಲದು, ಆಗ ಗೋಡೆಯ ಪ್ಲಗ್ಗನ್ನೇ ಕಿತ್ತಿಡಿ.