ಸ್ಪ್ಯಾಮ್‌ಅಸ್ಯಾಸಿನ್ ಲಾಗ್‌ನಲ್ಲಿ ಯುಟಿಎಫ್-8 ಎಚ್ಚರಿಕೆ: ಮುಚ್ಚುವ ಮೊದಲು ಇದನ್ನ ನೋಡಿ

ಅಣ್ಣಾರೇ, ಬೀದರಿನ ನಿಮ್ಮ ರೈತರ ಸಂಘದ ಮೇಲ್ ಸರ್ವರಿನಲ್ಲಿ, ಬೇಡದ ಮೇಲ್ (ಸ್ಪ್ಯಾಮ್) ಸೋಸುವ ಸ್ಪ್ಯಾಮ್‌ಅಸ್ಯಾಸಿನ್ ಲಾಗ್ ತುಂಬಾ "ಡಿಕೋಡ್ ಮಾಡದ ಯುಟಿಎಫ್-8 ಓದಿದರೆ ಕಸ ಬರುತ್ತದೆ" ಅನ್ನೋ ಅರ್ಥದ ಸಾಲೇ ಇದೆ, ಅದು ಕಾಣದ ಹಾಗೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಮುಚ್ಚಬೇಡಿ. ಆ ಎಚ್ಚರಿಕೆಯಿಂದ ಮೇಲ್ ಕಳೆದುಹೋಗುವುದಿಲ್ಲ, ನಿಜ. ಆದರೆ ಕನ್ನಡ ಮೇಲ್‌ಗೆ ಸ್ಪ್ಯಾಮ್ ಹೌದೋ ಅಲ್ಲವೋ ಅನ್ನೋ ಅಂಕ ಸರಿಯಾಗಿ ಬೀಳುತ್ತಿದೆಯಾ ಅಂತ ನೋಡಲೇಬೇಕು.

ಆಗೋದು ಇಷ್ಟೇ. ಯುಟಿಎಫ್-8 ಅಂದರೆ ಅಕ್ಷರಗಳನ್ನ ಬೈಟ್ ಆಗಿ ಬರೆಯುವ ಪದ್ಧತಿ. ಅದರಲ್ಲಿ 'ಕ' ಅಂದರೆ 3 ಬೈಟ್. ಅದನ್ನೇ ಎಚ್‌ಟಿಎಂಎಲ್ ಮೇಲ್‌ನಲ್ಲಿ ಕ ಅಂತಲೂ ಬರೆಯಬಹುದು. ಸ್ಪ್ಯಾಮ್‌ಅಸ್ಯಾಸಿನ್ ಬಳಸುವ ಪರ್ಲ್ ಭಾಷೆಯ ಪಾರ್ಸರ್‌ಗೆ (ಎಚ್‌ಟಿಎಂಎಲ್ ಓದುವ ಭಾಗಕ್ಕೆ) ಎರಡೂ ಒಟ್ಟಿಗೆ ಸಿಕ್ಕರೆ, ಮೊದಲನೆಯದನ್ನ ಮೂರು ತುಂಡು ಅಂತ ಓದುತ್ತದೆ, ಎರಡನೆಯದನ್ನ ಒಂದೇ ಅಕ್ಷರ ಅಂತ. ಬೆರೆತರೆ ಕಸ.

ಮೊದಲು ಸ್ಪ್ಯಾಮ್‌ಅಸ್ಯಾಸಿನ್ ಆವೃತ್ತಿ ನೋಡಿ. 3ರ ಸಾಲಿನದ್ದಾದರೆ 4ಕ್ಕೆ ಏರಿಸಿ. 4.0 ಬಂದಿದ್ದು 2022ರ ಡಿಸೆಂಬರಿನಲ್ಲಿ, ಯುಟಿಎಫ್-8 ಕೆಲಸ ಅದರಲ್ಲಿ ಬಹಳ ಸುಧಾರಿಸಿದೆ. ಸದ್ಯಕ್ಕೆ ಆಗದಿದ್ದರೆ ಲೋಕಲ್ ಡಾಟ್ ಸಿಎಫ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ನಾರ್ಮಲೈಸ್-ಕ್ಯಾರ್‌ಸೆಟ್ (ನಡುವೆ ಅಂಡರ್‌ಸ್ಕೋರ್) ಅನ್ನೋದನ್ನ 1 ಮಾಡಿ. 3ರಲ್ಲಿ ಅದು ತಾನಾಗಿ 0 ಇರುತ್ತದೆ. ಆಮೇಲೆ ಲಿಂಟ್ (ಸೆಟ್ಟಿಂಗ್ ತಪ್ಪು ಹುಡುಕುವ ಪರೀಕ್ಷೆ) ಓಡಿಸಿ, ತಪ್ಪು ತೋರಿಸದಿದ್ದರೆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಇದನ್ನ ಬದಲಿಸಿದ ಮೇಲೆ ಬೇಯ್ಸ್ (ಹಳೇ ಮೇಲ್ ನೋಡಿ ಸ್ಪ್ಯಾಮ್ ಗುರುತಿಸಲು ಕಲಿಯುವ ಭಾಗ) ಹಿಂದೆ ಕಲಿತ ಕನ್ನಡ ಪದಗಳು ಹೊಸದಕ್ಕೆ ಹೊಂದದೇ ಇರಬಹುದು. ಮತ್ತೆ ಕಲಿಸಿ. ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ಸಿಗುವವರೆಗೆ ಬೇಯ್ಸ್ ಅಂಕ ಕೊಡುವುದೇ ಇಲ್ಲ. ಒಳ್ಳೆಯದರಲ್ಲಿ ತೊಗರಿ ದರದ ಮೇಲ್, ಸಭೆಯ ನೋಟಿಸು ಎಲ್ಲಾ ಇರಲಿ. ಸುಮ್ನೆ ಇಂಗ್ಲಿಷ್ ಮೇಲ್ ತುಂಬಿದರೆ ಪ್ರಯೋಜನವಿಲ್ಲ.

ಭಾಷೆ ನೋಡಿ ಮೇಲ್ ತಡೆಯಿರಿ ಅಂತ ಇದೇ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ಬೀದರಿನಲ್ಲಿ ಅದು ಆಗದ ಮಾತು. ಔರಾದ್ ಕಡೆಯಿಂದ ಮರಾಠಿ, ಜಹೀರಾಬಾದ್ ಕಡೆಯಿಂದ ತೆಲುಗು, ಊರೊಳಗೇ ಉರ್ದು, ಅಲ್ವಾ? ಮೇಲಾಗಿ ಯಾವ ಭಾಷೆಯ ಲಿಪಿಗೆ ಅವಕಾಶ ಅಂತ ಹೇಳುವ ಓಕೆ-ಲೊಕೇಲ್ಸ್ ಸೆಟ್ಟಿಂಗಿನ ಪಟ್ಟಿಯಲ್ಲಿ ಕನ್ನಡವೇ ಇಲ್ಲ. ಥಾಯ್ ಇದೆ, ಕೊರಿಯನ್ ಇದೆ! ಅದು 'ಆಲ್' (ಎಲ್ಲಾ) ಅಂತಲೇ ಇರಲಿ.

ನೀವೇ ಕನ್ನಡದಲ್ಲಿ ರೂಲ್ (ಮೇಲ್‌ನಲ್ಲಿ ಹುಡುಕಬೇಕಾದ ಪದದ ಮಾದರಿ) ಬರೆಯುವುದಾದರೆ ಫೈಲನ್ನು ಯುಟಿಎಫ್-8ರಲ್ಲೇ ಉಳಿಸಿ. [ಕಖ] ಅಂತ ಚೌಕ ಆವರಣ ಬಳಸಬೇಡಿ, 4ರಲ್ಲೂ ರೂಲ್ ಹುಡುಕುವುದು ಬೈಟ್‌ಗಳನ್ನೇ. (ಕ|ಖ) ಅಂತ ಬರೆಯಿರಿ.

ಇನ್ನೊಂದು. ಕೆಲವರು ಈಗಲೂ ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನೇ ಮೇಲ್‌ಗೆ ಅಂಟಿಸುತ್ತಾರೆ. ಫಿಲ್ಟರಿಗೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಲ್ಯಾಟಿನ್ ಅಕ್ಷರ. ಯಾವ ಸೆಟ್ಟಿಂಗೂ ಅದನ್ನ ಸರಿಮಾಡದು. ಕಳಿಸುವವರಿಗೇ ಯೂನಿಕೋಡ್‌ನಲ್ಲಿ ಬರೆಯಲು ಹೇಳಿ.

ಇಷ್ಟಾದರೂ ಎಚ್ಚರಿಕೆ ಬಂದರೆ, ಯಾವ ಮೇಲ್‌ನಿಂದ ಬಂತು ಅಂತ ಲಾಗ್‌ನಲ್ಲಿ ಹತ್ತಿರದ ಮೆಸೇಜ್ ಐಡಿ ನೋಡಿ ಹುಡುಕಿ. ಆ ಮೇಲ್‌ನ ಮೂಲ ಫೈಲನ್ನೇ ಇಲ್ಲಿ ಹಾಕಿ. ಪರದೆಯಿಂದ ಕಾಪಿ ಮಾಡಿದರೆ ಬೈಟ್‌ಗಳೇ ಬದಲಾಗಿಬಿಡುತ್ತವೆ. ವಿಳಾಸ, ಫೋನ್ ನಂಬರ್ ಮಾತ್ರ ಅಳಿಸಿ ಹಾಕಿ.